ಮೆಣಸಿನ ಸಸಿಯ ಎಲೆ ಮುದುಡಿದೆಯಾ? ಸ್ಪ್ರೇ ಹಿಡಿಯುವ ಮೊದಲು ಎಲೆ ತಿರುಗಿಸಿ ನೋಡಿ

ಕುಂಡದಲ್ಲಿ ತರಕಾರಿ ಬೆಳೆಯುವ ಗೆಳೆಯರು ನನಗೆ ಕಳಿಸುವ ಫೋಟೋಗಳಲ್ಲಿ ಒಂದು ಮತ್ತೆ ಮತ್ತೆ ಬರುತ್ತದೆ. ಆರೆಂಟು ಎಲೆ ಬಂದ ಮೆಣಸಿನ ಸಸಿ. ನೆತ್ತಿಯ ಚಿಗುರೆಲ್ಲ ಮುದುಡಿ ಗುಪ್ಪೆಯಾಗಿದೆ. ಜೊತೆಗೆ ಒಂದೇ ಪ್ರಶ್ನೆ: "ಇದಕ್ಕೆ ಏನು ಹೊಡೀಲಿ?"

ನಾನು ಪ್ರತಿ ಸಲವೂ ತಿರುಗಿ ಕೇಳುವುದು ಇಷ್ಟೇ: ಎಲೆ ಮೇಲಕ್ಕೆ ಮುದುಡಿದೆಯೋ, ಕೆಳಕ್ಕೋ? ಹೊಸ ಎಲೆಯೋ, ಹಳೆಯದೋ? ಎಲೆಯ ಹಿಂದೆ ಏನಿದೆ? ಬಹಳ ಜನ ಅಲ್ಲಿವರೆಗೆ ಎಲೆಯನ್ನು ತಿರುಗಿಸಿಯೇ ನೋಡಿರುವುದಿಲ್ಲ. ಆದರೆ ಅಷ್ಟರಲ್ಲಿ ಬೇವಿನ ಎಣ್ಣೆ, ಹುಳಿ ಮಜ್ಜಿಗೆ, ಒಂದು ಹಿಡಿ ಗೊಬ್ಬರ ಎಲ್ಲ ಆಗಿಹೋಗಿರುತ್ತದೆ. ಯಾರೋ ದೃಷ್ಟಿ ತಾಗಿದೆ ಅಂತಲೂ ಹೇಳಿರುತ್ತಾರೆ.

ಹಾವೇರಿ, ಧಾರವಾಡ, ಗದಗ ಕಡೆಯ ಮೆಣಸಿನಕಾಯಿ ಬೆಳೆಗಾರರು ಇದಕ್ಕೆ ಮುಟುರು ರೋಗ ಎನ್ನುತ್ತಾರೆ. ಹೆಸರು ಒಂದೇ ಆದರೂ ಹಿಂದೆ ಮೂರು ಬೇರೆ ಬೇರೆ ಕಾರಣಗಳಿವೆ: ಥ್ರಿಪ್ಸ್ ಎಂಬ ಕೀಟ, ಮೈಟ್ ಎಂಬ ನುಸಿ, ಬಿಳಿನೊಣ ತರುವ ವೈರಸ್. ಬಾಲ್ಕನಿಯ ಕುಂಡದಲ್ಲಿ ಇವುಗಳ ಜೊತೆಗೆ ನೀರು, ಬಿಸಿಲು, ಗೊಬ್ಬರ, ಉಪ್ಪು ಕೂಡ ಸೇರಿಕೊಳ್ಳುತ್ತವೆ. ಒಂದಕ್ಕೆ ಮಾಡುವ ಉಪಚಾರ ಇನ್ನೊಂದಕ್ಕೆ ಕೆಲಸಕ್ಕೆ ಬರುವುದಿಲ್ಲ. ಕೆಲವು ಸಲ ತೊಂದರೆಯನ್ನು ಜಾಸ್ತಿಯೇ ಮಾಡುತ್ತದೆ. ಅದಕ್ಕೇ ಮೊದಲು ಕಾರಣ ಹುಡುಕೋಣ.

ಕೈಯಲ್ಲಿ ಏನಿರಬೇಕು

ಒಂದು ಬಿಳಿ ಹಾಳೆ. ಒಂದು ಭೂತಗನ್ನಡಿ, 10 ಪಟ್ಟು ದೊಡ್ಡದಾಗಿ ತೋರಿಸುವಂಥದ್ದು. 20 ಪಟ್ಟಿನದು ಸಿಕ್ಕರೆ ಇನ್ನೂ ಒಳ್ಳೆಯದು. ಟಾರ್ಚ್ ಇರುವ ಫೋನ್. ಹಳದಿ ಬಣ್ಣದ ಅಂಟು ಹಾಳೆ, ಅಂದರೆ ಹಾರುವ ಸಣ್ಣ ಕೀಟಗಳು ಬಂದು ಅಂಟಿಕೊಳ್ಳುವ ಕಾರ್ಡ್. ಗಿಡದ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಮತ್ತೆ ನಿಮ್ಮ ತೋರುಬೆರಳು. ಮಣ್ಣಿನ ತೇವ ತಿಳಿಯಲು ಅದಕ್ಕಿಂತ ಒಳ್ಳೆಯ ಸಾಧನ ಬೇಕಿಲ್ಲ.

1. ಮೊದಲ ದಿನ ಏನನ್ನೂ ಹೊಡೆಯಬೇಡಿ

ಇದು ಕಷ್ಟ, ನನಗೆ ಗೊತ್ತು. ಆದರೂ ಒಂದು ದಿನ ತಡೆಯಿರಿ. ಆ ದಿನ ಸಸಿಯನ್ನು ಮೂರು ಸಲ ನೋಡಿ: ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ ಎರಡಕ್ಕೆ, ಸಂಜೆ ಬಿಸಿಲು ಇಳಿದ ಮೇಲೆ. ಮೂರೂ ಸಲ ಒಂದೇ ಕಡೆಯಿಂದ ಫೋಟೋ ತೆಗೆಯಿರಿ.

ಬೆಳಿಗ್ಗೆ ಅಗಲವಾಗಿದ್ದ ಎಲೆ ಮಧ್ಯಾಹ್ನ ಅಂಚು ಮಡಚಿಕೊಂಡು, ಸಂಜೆಗೆ ಮತ್ತೆ ಬಿಚ್ಚಿಕೊಂಡರೆ ಅದು ರೋಗವಲ್ಲ. ಬಿಸಿಲಿಗೆ ನೀರು ಆರಿಹೋಗದಂತೆ ಗಿಡ ತನ್ನನ್ನು ಕಾಪಾಡಿಕೊಳ್ಳುತ್ತಿದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರು ಕಡೆ ಇದು ದಿನನಿತ್ಯದ ಮಾತು. ಬೆಂಗಳೂರಿನಲ್ಲೂ ಪಶ್ಚಿಮಕ್ಕೆ ತೆರೆದ ಬಾಲ್ಕನಿಗಳಲ್ಲಿ ಗೋಡೆಯ ಕಾವು ಸೇರಿ ಹೀಗಾಗುತ್ತದೆ. ಇದಕ್ಕೆ ಔಷಧಿ ಬೇಡ. ಮಧ್ಯಾಹ್ನದ ಬಿಸಿಲಿಗೆ ಒಂದು ಹಸಿರು ನೆರಳು ಬಲೆ, ಬೆಳಿಗ್ಗೆ ಬುಡಕ್ಕೆ ತುಂಬ ನೀರು, ಮಣ್ಣಿನ ಮೇಲೆ ಒಣ ಎಲೆಯ ಹೊದಿಕೆ ಸಾಕು.

ಮೂರೂ ಹೊತ್ತು ಎಲೆ ಹಾಗೇ ಮುದುಡಿದ್ದರೆ ಮುಂದಿನ ಹೆಜ್ಜೆಗೆ ಬನ್ನಿ.

2. ಯಾವ ಎಲೆ ಎಂದು ನೋಡಿ

ನೆತ್ತಿಯ ಚಿಗುರು ಮಾತ್ರ ಮುದುಡಿ, ಕೆಳಗಿನ ಎಲೆಗಳು ಚೆನ್ನಾಗಿದ್ದರೆ ಅನುಮಾನ ಕೀಟ, ನುಸಿ ಅಥವಾ ವೈರಸ್ ಮೇಲೆ. ಇವೆಲ್ಲ ಎಳೆಯ ಎಲೆಯನ್ನೇ ಹುಡುಕಿಕೊಂಡು ಬರುತ್ತವೆ. ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ಕಡಿಮೆಯಾದರೂ ಹೊಸ ಎಲೆಯಲ್ಲೇ ಕಾಣುತ್ತದೆ. ಗಿಡಕ್ಕೆ ಅದನ್ನು ಹಳೆಯ ಎಲೆಯಿಂದ ತೆಗೆದು ಹೊಸದಕ್ಕೆ ಸಾಗಿಸಲು ಆಗುವುದಿಲ್ಲ.

ಮೇಲೆ ಕೆಳಗೆ ಅನ್ನದೆ ಎಲ್ಲ ಎಲೆಗಳೂ ಒಟ್ಟಿಗೆ ಮುದುಡಿದ್ದರೆ ಅಥವಾ ಜೋತುಬಿದ್ದಿದ್ದರೆ ಬೇರಿನ ಕಡೆ ನೋಡಬೇಕು. ನೀರು, ಗೊಬ್ಬರ, ಉಪ್ಪು, ಬೇರಿಗೆ ಜಾಗ ಸಾಲದಿರುವುದು. ಅದಕ್ಕೆ 5ನೇ ಹೆಜ್ಜೆ ಇದೆ.

ಪಕ್ಕದ ಕುಂಡಗಳನ್ನೂ ನೋಡಿ. ಒಂದೇ ಮಣ್ಣು ತುಂಬಿದ ಹತ್ತೂ ಕುಂಡಗಳಲ್ಲಿ ಒಂದೇ ವಾರದಲ್ಲಿ ಹೀಗಾದರೆ ಮಣ್ಣೋ ನೀರೋ ಕಾರಣ. ಒಂದರಲ್ಲಿ ಶುರುವಾಗಿ ಪಕ್ಕದ್ದಕ್ಕೆ ದಾಟುತ್ತಿದ್ದರೆ ಜೀವ ಇರುವ ಯಾವುದೋ ಓಡಾಡುತ್ತಿದೆ ಎಂದರ್ಥ.

3. ದೋಣಿಯೋ, ಮಗುಚಿದ ದೋಣಿಯೋ?

ಇಡೀ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಎಲೆಯ ಎರಡೂ ಅಂಚು ಮೇಲಕ್ಕೆ ಎದ್ದು, ನೀರು ಹಾಕಿದರೆ ನಿಲ್ಲುವ ಹಾಗೆ ದೋಣಿಯಂತಾಗಿದ್ದರೆ: ಥ್ರಿಪ್ಸ್, ಇಲ್ಲವೇ ವೈರಸ್.

ಅಂಚು ಕೆಳಕ್ಕೆ ಬಾಗಿ, ನೀರು ಹಾಕಿದರೆ ಜಾರಿಹೋಗುವ ಹಾಗೆ ಮಗುಚಿದ ದೋಣಿಯಂತಾಗಿದ್ದರೆ: ಮೈಟ್ ನುಸಿ.

ಈಗ ಒಂದೊಂದನ್ನೇ ಹತ್ತಿರದಿಂದ ನೋಡೋಣ.

ಥ್ರಿಪ್ಸ್ ಒಂದು ಮಿಲಿಮೀಟರ್ ಉದ್ದದ, ನೂಲಿನ ಚೂರಿನಂಥ ಹಳದಿ ಕೀಟ. ಎಲೆಯ ಹಿಂಭಾಗವನ್ನು ಕೆರೆದು ರಸ ಹೀರುತ್ತದೆ. ಕೆರೆದ ಜಾಗ ಮೊದಲು ಬೆಳ್ಳಿಯಂತೆ ಹೊಳೆಯುತ್ತದೆ, ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ನಡುನರದ ಅಕ್ಕಪಕ್ಕದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಮುಟ್ಟಿದರೆ ಎಲೆ ಒರಟಾಗಿ, ಮಡಚಿದರೆ ಪಟಕ್ಕನೆ ಮುರಿಯುವ ಹಾಗಿರುತ್ತದೆ.

ಮೈಟ್ ನುಸಿ ಕೀಟದ ಜಾತಿಯೇ ಅಲ್ಲ. ಎಂಟು ಕಾಲಿನ, ಜೇಡದ ಸಂಬಂಧಿ. ಉದ್ದ ಕಾಲು ಮಿಲಿಮೀಟರ್ ಕೂಡ ಇಲ್ಲ, ಬರಿಗಣ್ಣಿಗೆ ಕಾಣುವುದಿಲ್ಲ. ಹೀಗಾಗಿ "ನಾನು ನೋಡಿದೆ, ಏನೂ ಇಲ್ಲ" ಎಂದು ನೀವು ಹೇಳಿದರೂ ಅದು ಅಲ್ಲೇ ಇರಬಹುದು. ಇದು ಬಂದ ಎಲೆ ಕಿರಿದಾಗುತ್ತದೆ, ದಪ್ಪನಾಗುತ್ತದೆ, ಕಡು ಹಸಿರಾಗುತ್ತದೆ. ಎಲೆಯ ತೊಟ್ಟು ಇಲಿಯ ಬಾಲದ ಹಾಗೆ ಉದ್ದಕ್ಕೆ ಬೆಳೆಯುತ್ತದೆ. ಉದ್ದ ತೊಟ್ಟು, ಪುಟ್ಟ ಎಲೆ, ಕೆಳಕ್ಕೆ ಬಾಗಿದ ಅಂಚು ಮೂರೂ ಒಟ್ಟಿಗೆ ಕಂಡರೆ ಭೂತಗನ್ನಡಿ ಇಲ್ಲದಿದ್ದರೂ ಮೈಟ್ ಎಂದು ಹೇಳಬಹುದು.

ವೈರಸ್ ಬಂದ ಗಿಡದ ಲಕ್ಷಣವೇ ಬೇರೆ. ಎಲೆಗಳು ಚಿಕ್ಕದಾಗಿ, ಮಾಸಲು ಹಸಿರು ಅಥವಾ ಹಳದಿಯಾಗಿ, ಮೇಲಕ್ಕೆ ಸುರುಳಿಯಾಗುತ್ತವೆ. ಎಲೆಯ ಹಿಂದೆ ನರಗಳು ದಪ್ಪಗೆ ಉಬ್ಬಿರುತ್ತವೆ. ನರಗಳ ನಡುವಿನ ಜಾಗ ಸುಕ್ಕುಗಟ್ಟಿ ಗುಳ್ಳೆಯಂತೆ ಏಳುತ್ತದೆ. ಗೆಣ್ಣಿನಿಂದ ಗೆಣ್ಣಿಗೆ ಅಂತರ ಕಡಿಮೆಯಾಗಿ ಗಿಡ ಗಿಡ್ಡಗೆ, ಪೊದೆಯಂತೆ ನಿಂತುಬಿಡುತ್ತದೆ. ಥ್ರಿಪ್ಸ್ ಕೆರೆದ ಕಂದು ಗುರುತು ಇರುವುದಿಲ್ಲ.

ಥ್ರಿಪ್ಸ್ ಮತ್ತು ವೈರಸ್ ಎರಡೂ ಎಲೆಯನ್ನು ಮೇಲಕ್ಕೇ ಮಡಚುವುದರಿಂದ ಇವೆರಡರ ನಡುವೆ ಗೊಂದಲ ಸಹಜ. ಕಂದು ಗುರುತು ಇದ್ದರೆ ಥ್ರಿಪ್ಸ್, ನರ ಉಬ್ಬಿದ್ದರೆ ವೈರಸ್. ಎರಡೂ ಇದ್ದರೆ? ಅದೂ ಆಗುತ್ತದೆ. ಆಗ ಮೊದಲು ಥ್ರಿಪ್ಸ್‌ಗೆ ಉಪಚಾರ ಮಾಡಿ, ಮೂರು ವಾರ ಹೊಸ ಚಿಗುರು ನೋಡಿ. ಚಿಗುರು ಅಗಲವಾಗಿ ಬಂದರೆ ಬಚಾವ್. ಕೀಟ ಹೋದ ಮೇಲೂ ಸುರುಳಿಯಾಗಿಯೇ ಬಂದರೆ ವೈರಸ್ ಎಂದು ತಿಳಿಯಿರಿ.

4. ಬಿಳಿ ಹಾಳೆಯ ಪರೀಕ್ಷೆ

ಬೆಳಿಗ್ಗೆ ತಂಪಿನಲ್ಲಿ ಮಾಡಿ. ಬಿಳಿ ಹಾಳೆಯನ್ನು ಚಿಗುರಿನ ಕೆಳಗೆ ಹಿಡಿದು, ಚಿಗುರನ್ನು ಬೆರಳಿನಿಂದ ನಾಲ್ಕೈದು ಸಲ ಮೆಲ್ಲಗೆ ತಟ್ಟಿ. ಹಾಳೆಯ ಮೇಲೆ ಬಿದ್ದದ್ದನ್ನು ಅರ್ಧ ನಿಮಿಷ ಸುಮ್ನೆ ನೋಡುತ್ತಾ ಇರಿ.

ಹಳದಿ ಅಥವಾ ಕಪ್ಪು ಗೆರೆಯಂಥವು ಚುರುಕಾಗಿ ಓಡಾಡಿದರೆ ಥ್ರಿಪ್ಸ್. ಕಪ್ಪು ಬಣ್ಣದವು ಕಂಡರೆ ಜಾಸ್ತಿ ಹುಷಾರಾಗಿರಿ. ಥ್ರಿಪ್ಸ್ ಪಾರ್ವಿಸ್ಪೈನಸ್ ಎಂಬ ಹೊರದೇಶದ ಜಾತಿಯೊಂದು ನಮ್ಮಲ್ಲಿ 2015ರಲ್ಲಿ ಬೆಂಗಳೂರಿನ ಪಪ್ಪಾಯಿ ಗಿಡದಲ್ಲಿ ವರದಿಯಾಯಿತು. 2021ರಲ್ಲಿ ಅದು ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನ ಹೊಲಗಳನ್ನು ಹಾಳುಮಾಡಿತು. ಅದಕ್ಕೆ ಹೂವೆಂದರೆ ಇಷ್ಟ. ನಿಮ್ಮ ಸಸಿ ಹೂ ಬಿಡುವ ಹೊತ್ತಿಗೆ ಹೂವನ್ನೂ ಹೀಗೇ ತಟ್ಟಿ ನೋಡಿ.

ಹಸಿರು ಅಥವಾ ಕಪ್ಪು, ಗುಂಡು ಹೊಟ್ಟೆಯ, ನಿಧಾನಕ್ಕೆ ನಡೆಯುವವು ಬಿದ್ದರೆ ಸಸ್ಯಹೇನು. ಇವು ಇದ್ದಲ್ಲಿ ಎಲೆ ಅಂಟಂಟಾಗಿರುತ್ತದೆ, ಇರುವೆ ಸಾಲು ಹತ್ತುತ್ತಿರುತ್ತದೆ. ಕಾಂಡದ ಮೇಲೆ ಇರುವೆ ಓಡಾಡುವುದನ್ನು ಕಂಡರೆ ಮೊದಲು ಹೇನನ್ನೇ ಹುಡುಕಿ.

ಗಿಡ ಅಲ್ಲಾಡಿಸಿದಾಗ ಹಿಟ್ಟು ಚೆಲ್ಲಿದಂತೆ ಬೆಳ್ಳಗೆ ಹಾರಿದರೆ ಬಿಳಿನೊಣ. ಇದು ಒಂದೆರಡು ಇದ್ದರೂ ಹಗುರವಾಗಿ ತೆಗೆದುಕೊಳ್ಳಬೇಡಿ. ರೋಗದ ಗಿಡದಿಂದ ರಸ ಹೀರಿದ ಬಿಳಿನೊಣ ತಾನು ಹೋದಲ್ಲೆಲ್ಲ ವೈರಸ್ ಒಯ್ಯುತ್ತದೆ. ಮೈಟ್ ನುಸಿಗಳಂತೂ ಬಿಳಿನೊಣದ ಕಾಲು ಹಿಡಿದುಕೊಂಡು ಒಂದು ಗಿಡದಿಂದ ಇನ್ನೊಂದಕ್ಕೆ ಸವಾರಿ ಹೋಗುತ್ತವೆ. ಹಳದಿ ಅಂಟು ಹಾಳೆಯನ್ನು ಗಿಡದ ನೆತ್ತಿಯ ಮಟ್ಟಕ್ಕೆ ನೇತುಹಾಕಿ, ಎರಡು ದಿನದಲ್ಲಿ ಎಷ್ಟು ಅಂಟಿವೆ ಎಣಿಸಿ.

ಹಾಳೆಯ ಮೇಲೆ ಏನೂ ಬೀಳದೆ, ಎಲೆ ಮಾತ್ರ ಕೆಳಕ್ಕೆ ಬಾಗಿದ್ದರೆ ನೆತ್ತಿಯ ಒಂದು ಪುಟ್ಟ ಎಲೆ ಕಿತ್ತು ಹಿಂಭಾಗವನ್ನು ಭೂತಗನ್ನಡಿಯಲ್ಲಿ ನೋಡಿ. ನಡುನರದ ಬುಡದಲ್ಲಿ ಎಣ್ಣೆಯ ಹನಿಯಂತೆ ಮಿನುಗುವ ಚುಕ್ಕೆಗಳು ನಡೆದರೆ ಅವೇ ಮೈಟ್.

ನೆಟ್ಟ ಗಿಡಗಳ ಸುತ್ತಲೂ ಒಮ್ಮೆ ಕಣ್ಣು ಹಾಯಿಸಿ. ಟೊಮ್ಯಾಟೊ, ದಾಸವಾಳ, ಗುಲಾಬಿ ಪಕ್ಕದಲ್ಲೇ ಇದ್ದರೆ ಅವುಗಳ ಎಲೆಯನ್ನೂ ತಿರುಗಿಸಿ. ಎಷ್ಟೋ ಸಲ ತವರುಮನೆ ಅಲ್ಲಿರುತ್ತದೆ.

5. ಬೆರಳು ಮಣ್ಣಿಗಿಳಿಸಿ

ಕೀಟ, ನುಸಿ ಏನೂ ಸಿಗದಿದ್ದರೆ ಮಣ್ಣಿನ ಸರದಿ.

ತೋರುಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗೆ ತೂರಿ. ಮೇಲೆ ಒಣಗಿದ್ದರೂ ಒಳಗೆ ಕೆಸರಿನ ಹಾಗಿದ್ದರೆ ನೀರು ಜಾಸ್ತಿಯಾಗಿದೆ. ಆಗ ಎಲೆ ದಪ್ಪಗೆ, ಕೆಳಕ್ಕೆ ಬಾಗಿ ಜೋತುಬೀಳುತ್ತದೆ. ಇದನ್ನು ನೋಡಿ ಬಾಯಾರಿದೆ ಎಂದುಕೊಂಡು ಮತ್ತೆ ನೀರು ಹಾಕುವುದೇ ಸಸಿಗಳು ಸಾಯಲು ದೊಡ್ಡ ಕಾರಣ. ಕುಂಡದ ತಳದ ತೂತು ಮುಚ್ಚಿದೆಯಾ ನೋಡಿ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಂತಿದ್ದರೆ ಚೆಲ್ಲಿ. ಮುಂದೆ ಬೆರಳಿಗೆ ಒಣ ಅನ್ನಿಸಿದಾಗ ಮಾತ್ರ ನೀರು.

ಮಣ್ಣಿನ ಮೇಲೆ, ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿದೆಯಾ? ಅದು ಉಪ್ಪು. ಬೋರ್‌ವೆಲ್ ನೀರು ಹಾಕುವ ಮನೆಗಳಲ್ಲಿ ಇದು ಸಾಮಾನ್ಯ. ಇನ್ನು, ಕುಡಿಯುವ ನೀರಿನ ಫಿಲ್ಟರ್‌ನಿಂದ ಹೊರಬರುವ ನೀರನ್ನು ಗಿಡಕ್ಕೆ ಹಾಕುವ ಅಭ್ಯಾಸ ಬಹಳ ಕಡೆ ಇದೆ. ನೀರು ಉಳಿಸುವ ಮನಸ್ಸು ಒಳ್ಳೆಯದೇ. ಆದರೆ ಆರ್‌ಓ ಯಂತ್ರ ತಳ್ಳಿಬಿಡುವ ನೀರಿನಲ್ಲಿ ಮೂಲ ನೀರಿಗಿಂತ ಉಪ್ಪು ಜಾಸ್ತಿ ಇರುತ್ತದೆ. ಅದನ್ನು ನೆಲ ಒರೆಸಲು ಬಳಸಿ, ಮೆಣಸಿನ ಸಸಿಗೆ ಬೇಡ. ಉಪ್ಪು ಏರಿದಾಗ ಎಲೆಯ ತುದಿ, ಅಂಚು ಸುಟ್ಟಂತಾಗಿ ಸುರುಳಿಯಾಗುತ್ತದೆ. ಮಳೆ ನೀರು ಅಥವಾ ಕುಡಿಯುವ ನೀರನ್ನು ಕುಂಡದ ಅಳತೆಯ ಎರಡು ಮೂರು ಪಟ್ಟು ನಿಧಾನಕ್ಕೆ ಸುರಿದು, ಕೆಳಗಿನಿಂದ ಪೂರ್ತಿ ಹರಿದುಹೋಗಲು ಬಿಡಿ. ಉಪ್ಪು ತೊಳೆದು ಹೋಗುತ್ತದೆ.

ತೆಂಗಿನ ನಾರಿನ ಪುಡಿ, ಅಂದರೆ ಕೋಕೋಪೀಟ್ ಜಾಸ್ತಿ ಹಾಕಿದ್ದೀರಾ? ತೊಳೆಯದ ಕೋಕೋಪೀಟ್‌ನಲ್ಲಿ ಉಪ್ಪಿರುತ್ತದೆ. ಜೊತೆಗೆ ಅದು ಕ್ಯಾಲ್ಸಿಯಂ, ಮೆಗ್ನೀಷಿಯಂ ಎರಡನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಆಗ ಹೊಸ ಎಲೆ ಸುಕ್ಕುಸುಕ್ಕಾಗಿ, ಓರೆಯಾಗಿ ಬರುತ್ತದೆ. ಕೋಕೋಪೀಟ್ ಅನ್ನು ಎರಡು ಮೂರು ನೀರಿನಲ್ಲಿ ತೊಳೆದು, ಮಿಶ್ರಣದ ಮೂರನೇ ಒಂದು ಭಾಗಕ್ಕಿಂತ ಹೆಚ್ಚಾಗದಂತೆ ಬಳಸಿ. ಮೊಟ್ಟೆ ಸಿಪ್ಪೆ ಹಾಕಿದ್ದೇನಲ್ಲ ಎನ್ನುತ್ತೀರಿ. ಸಿಪ್ಪೆ ಕರಗಿ ಬೇರಿಗೆ ಸಿಗಲು ತಿಂಗಳುಗಳೇ ಬೇಕು. ಈ ವಾರದ ಮುದುಡುವಿಕೆಗೆ ಅದು ಉತ್ತರವಾಗುವುದಿಲ್ಲ.

ಗೊಬ್ಬರದ ಲೆಕ್ಕವನ್ನೂ ನೆನಪಿಸಿಕೊಳ್ಳಿ. ಎಲೆ ಕಪ್ಪು ಹಸಿರಾಗಿ, ತುದಿ ಹಕ್ಕಿಯ ಉಗುರಿನಂತೆ ಕೆಳಕ್ಕೆ ಕೊಕ್ಕೆಯಾಗಿದ್ದರೆ ಸಾರಜನಕ ಜಾಸ್ತಿಯಾಗಿದೆ. ಯೂರಿಯಾ ಮಾತ್ರ ಹೀಗೆ ಮಾಡುವುದು ಎಂದುಕೊಳ್ಳಬೇಡಿ. ಕೊಳೆಯದ ಹಸಿ ಸಗಣಿ, ಹೊಂಗೆ ಹಿಂಡಿ, ಕಡಲೆ ಹಿಂಡಿಯ ಗಟ್ಟಿ ನೀರು, ತೆಳು ಮಾಡದ ಪಂಚಗವ್ಯ ಎಲ್ಲವೂ ಎಳೆ ಬೇರನ್ನು ಸುಡುತ್ತವೆ. ಪಂಚಗವ್ಯವನ್ನು ಒಂದು ಲೀಟರ್ ನೀರಿಗೆ 30 ಮಿಲಿ ಬೆರೆಸುವುದು ರೂಢಿ. ಎಳೆ ಸಸಿಗೆ ನಾನು ಅದರ ಅರ್ಧವನ್ನೇ ಹಾಕುತ್ತೇನೆ. ಎಂಟು ಎಲೆಯ ಸಸಿಗೆ ತಿಂಗಳಿಗೆ ಒಂದು ಹಿಡಿ ಎರೆಗೊಬ್ಬರ ಸಾಕು, ನಿಜಕ್ಕೂ ಸಾಕು.

ಹೊಸ ಎಲೆ ದಾರದ ಹಾಗೆ ಸಪೂರವಾಗಿ ತಿರುಚಿಕೊಂಡು, ಟೊಮ್ಯಾಟೊ ಗಿಡದಲ್ಲೂ ಹಾಗೇ ಆಗಿದ್ದರೆ ಪಕ್ಕದ ಖಾಲಿ ಸೈಟಿನಲ್ಲಿ ಯಾರಾದರೂ ಕಳೆನಾಶಕ ಹೊಡೆದರಾ ಎಂದು ವಿಚಾರಿಸಿ. 2,4-ಡಿ ಎಂಬ ಕಳೆನಾಶಕ ಗಾಳಿಯಲ್ಲಿ ತೇಲಿ ಬಂದರೂ ಇವುಗಳಿಗೆ ತಾಗುತ್ತದೆ.

6. ಮನೆಯೊಳಗೆ ದೀಪದ ಕೆಳಗೆ ಬೆಳೆಸುವವರಿಗೆ

ಅಮೆರಿಕ, ಯುರೋಪಿನ ಚಳಿ ಊರುಗಳಲ್ಲಿರುವ ಕನ್ನಡಿಗರು ಫೆಬ್ರುವರಿ, ಮಾರ್ಚ್‌ನಲ್ಲಿ ಒಳಗೇ ಬೀಜ ಹಾಕುತ್ತಾರೆ. ಅಲ್ಲಿ ನೆತ್ತಿಯ ಎಲೆ ಮೇಲಕ್ಕೆ ಮಡಚಿ, ದೀಪಕ್ಕೆ ಹತ್ತಿರದ ಎಲೆಗಳಲ್ಲೇ ಅದು ಜಾಸ್ತಿ ಇದ್ದರೆ ದೀಪವನ್ನು ಒಂದು ಗೇಣು ಮೇಲಕ್ಕೆತ್ತಿ. ನಾಲ್ಕು ದಿನದಲ್ಲಿ ವ್ಯತ್ಯಾಸ ಕಾಣುತ್ತದೆ. ಎಲೆಯ ಹಿಂದೆ ಹರಳಿನಂಥ ಪುಟ್ಟ ಗುಳ್ಳೆಗಳಿದ್ದರೆ ಅದು ಕೀಟದ ಮೊಟ್ಟೆಯಲ್ಲ. ಗಾಳಿ ಆಡದೆ, ತೇವ ಜಾಸ್ತಿಯಾಗಿ ಎಲೆಯ ಕೋಶಗಳೇ ಉಬ್ಬಿರುತ್ತವೆ. ಸಣ್ಣ ಫ್ಯಾನ್ ಹಾಕಿ, ನೀರು ಕಡಿಮೆ ಮಾಡಿ. ಸಸಿಯನ್ನು ಮೊದಲ ಸಲ ಹೊರಗೆ ಇಡುವಾಗ ದಿನಕ್ಕೆ ಒಂದು ಗಂಟೆಯಿಂದ ಶುರುಮಾಡಿ, ಒಂದು ವಾರದಲ್ಲಿ ಬಿಸಿಲಿಗೆ ಅಭ್ಯಾಸ ಮಾಡಿಸಿ.

7. ಈಗ ಉಪಚಾರ

ಯಾವ ಕೀಟವಾದರೂ ಮೊದಲ ಕೆಲಸ ತೊಳೆಯುವುದು. ಹೊಲದ ಗಿಡಕ್ಕೆ ಮಳೆ ಬೀಳುತ್ತದೆ, ಎಲೆ ತೊಳೆದುಹೋಗುತ್ತದೆ. ಬಾಲ್ಕನಿಯ ಗಿಡಕ್ಕೆ ಮೇಲೆ ಸೂರು ಇದೆ. ಅದರ ಮೇಲೆ ವರ್ಷವಿಡೀ ಒಂದು ಹನಿ ಮಳೆ ಬೀಳದೇ ಇರಬಹುದು. ಆ ಮಳೆಯನ್ನು ನೀವೇ ಕೊಡಬೇಕು. ಮಣ್ಣು ಚೆಲ್ಲದಂತೆ ಕುಂಡದ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ಗಿಡವನ್ನು ಓರೆ ಮಾಡಿ, ಎಲೆಗಳ ಹಿಂಭಾಗಕ್ಕೆ ನೀರು ಚಿಮ್ಮಿಸಿ. ಮೂರು ದಿನಕ್ಕೊಮ್ಮೆ ಹೀಗೆ ಮಾಡಿದರೆ ಸಸ್ಯಹೇನು, ಥ್ರಿಪ್ಸ್ ಅರ್ಧಕ್ಕೆ ಅರ್ಧ ಇಳಿಯುತ್ತವೆ.

ಥ್ರಿಪ್ಸ್, ಬಿಳಿನೊಣ, ಹೇನಿಗೆ ಬೇವಿನ ಎಣ್ಣೆ. ಎಳೆ ಸಸಿಗೆ ಲೀಟರ್ ನೀರಿಗೆ 3 ಮಿಲಿ, ಬಲಿತ ಗಿಡಕ್ಕೆ 5 ಮಿಲಿ. ಎಣ್ಣೆ ನೀರಿನಲ್ಲಿ ಬೆರೆಯಲು ಮೊದಲು ಅದನ್ನು ಅಂಟವಾಳದ ರಸ ಅಥವಾ ಒಂದೆರಡು ಮಿಲಿ ಸೌಮ್ಯ ದ್ರವ ಸೋಪಿನ ಜೊತೆ ಚೆನ್ನಾಗಿ ಕಲಸಿ, ಆಮೇಲೆ ಉಗುರುಬೆಚ್ಚಗಿನ ನೀರು ಸೇರಿಸಿ. ಪಾತ್ರೆ ತೊಳೆಯುವ ಸೋಪು ಬೇಡ, ಎಲೆ ಸುಡುತ್ತದೆ. ಕಲಸಿದ್ದನ್ನು ಅದೇ ದಿನ ಮುಗಿಸಿ. ಮೊದಲು ಒಂದು ಎಲೆಗೆ ಹೊಡೆದು ಮರುದಿನ ನೋಡಿ, ಏನೂ ಆಗದಿದ್ದರೆ ಪೂರ್ತಿ ಗಿಡಕ್ಕೆ. ಸಂಜೆ ಮಾತ್ರ ಹೊಡೆಯಿರಿ. ಬಿಸಿಲಿನಲ್ಲಿ ಎಣ್ಣೆ ಹೊಡೆದರೆ ಎಲೆ ಬೆಂದುಹೋಗುತ್ತದೆ, ಬೇವಿನ ಸತ್ವವೂ ಬೇಗ ಕಳೆದುಹೋಗುತ್ತದೆ. ಎಲೆಯ ಮೇಲ್ಭಾಗ ಬಿಟ್ಟರೂ ಪರವಾಗಿಲ್ಲ, ಹಿಂಭಾಗ ಬಿಡಬೇಡಿ. ಐದಾರು ದಿನಕ್ಕೊಮ್ಮೆ, ಕನಿಷ್ಠ ಮೂರು ಸಲ. ಒಂದೇ ಸಲ ಹೊಡೆದು "ಬೇವು ಕೆಲಸ ಮಾಡಲಿಲ್ಲ" ಎನ್ನುವವರೇ ಜಾಸ್ತಿ. ಮೊಟ್ಟೆಗಳಿಗೆ ಬೇವಿನಿಂದ ಹೆಚ್ಚೇನೂ ಆಗುವುದಿಲ್ಲ, ಅವು ಒಡೆದ ಮೇಲೆ ಬರುವ ಮರಿಗಳಿಗಾಗಿಯೇ ಎರಡನೇ, ಮೂರನೇ ಸಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸಾಬೂನು, ಹೊಂಗೆ ಸಾಬೂನು ಸಿಕ್ಕರೆ ಕಲಸುವ ಕಷ್ಟವೇ ಇಲ್ಲ. ಪ್ಯಾಕೆಟ್ ಮೇಲಿನ ಪ್ರಮಾಣದಲ್ಲಿ ನೀರಿಗೆ ಹಾಕಿದರೆ ಆಯಿತು.

ಥ್ರಿಪ್ಸ್ ಬೆಳೆಯುವ ಹಾದಿಯಲ್ಲಿ ಕೆಲವು ದಿನ ಮಣ್ಣಿನಲ್ಲಿ ಕಳೆಯುತ್ತದೆ. ಕುಂಡದ ಮೇಲಿನ ಒಂದು ಅಂಗುಲ ಮಣ್ಣನ್ನು ಕೆದಕಿ, ಸ್ವಲ್ಪ ಬೇವಿನ ಹಿಂಡಿ ಬೆರೆಸಿ. ನೆಲದಲ್ಲಿ ಬಿದ್ದ ಎಲೆ ಆರಿಸಿ ಹೊರಗೆ ಹಾಕಿ.

ಮೈಟ್ ನುಸಿಗೆ ದಾರಿ ಬೇರೆ. ಅಂಗಡಿಯಲ್ಲಿ "ಮುಟುರಿಗೆ" ಎಂದು ಕೊಡುವ ಕೀಟನಾಶಕಗಳಲ್ಲಿ ಹಲವು ಮೈಟ್ ಅನ್ನು ಮುಟ್ಟುವುದೇ ಇಲ್ಲ. ಕೆಲವು ಮೈಟ್ ತಿನ್ನುವ ಒಳ್ಳೆಯ ಹುಳುಗಳನ್ನು ಕೊಂದು ಮೈಟ್ ಸಂಖ್ಯೆಯನ್ನು ಏರಿಸುತ್ತವೆ. ಮೈಟ್ ನೆತ್ತಿಯ ಚಿಗುರಿನಲ್ಲೇ ಗುಂಪಾಗಿರುವುದರಿಂದ ಮೊದಲು ಮುದುಡಿದ ಕುಡಿಯನ್ನು ಎರಡು ಅಂಗುಲ ಚಿವುಟಿ, ಕವರಿನಲ್ಲಿ ಕಟ್ಟಿ ಕಸಕ್ಕೆ ಹಾಕಿ. ಕೈ ತೊಳೆಯದೆ ಬೇರೆ ಗಿಡ ಮುಟ್ಟಬೇಡಿ. ನಂತರ ನೀರಿನಲ್ಲಿ ಬೆರೆಯುವ ಗಂಧಕದ ಪುಡಿ, ಅಂಗಡಿಯಲ್ಲಿ ವೆಟ್ಟಬಲ್ ಸಲ್ಫರ್ 80 ಎಂದು ಕೇಳಿ, ಲೀಟರಿಗೆ 2 ಗ್ರಾಂ ಬೆರೆಸಿ ಸಂಜೆ ಹೊಡೆಯಿರಿ. ವಾರ ಬಿಟ್ಟು ಇನ್ನೊಂದು ಸಲ. ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಿ, ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ.

ಎರಡು ಎಚ್ಚರಿಕೆ. ಬಿಸಿಲು 32 ಡಿಗ್ರಿ ದಾಟುವ ದಿನಗಳಲ್ಲಿ ಗಂಧಕ ಎಲೆಯನ್ನು ಸುಡುತ್ತದೆ. ಬೇವಿನ ಎಣ್ಣೆ ಹೊಡೆದ ಗಿಡಕ್ಕೆ ಎರಡು ವಾರ ಗಂಧಕ ಮುಟ್ಟಿಸಬೇಡಿ, ಗಂಧಕ ಹೊಡೆದ ಮೇಲೆ ಎಣ್ಣೆಯೂ ಅಷ್ಟೇ. ಎರಡೂ ಸೇರಿದರೆ ಎಲೆ ಉದುರುತ್ತದೆ. ಏನು ಹೊಡೆಯಬೇಕು ಎಂದು ಮೊದಲೇ ತೀರ್ಮಾನಿಸಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ವೈರಸ್‌ಗೆ ಔಷಧಿ ಇಲ್ಲ. ಇದನ್ನು ಹೇಳುವಾಗ ನನಗೂ ಬೇಜಾರಾಗುತ್ತದೆ. ಮಜ್ಜಿಗೆ, ಅರಿಶಿನ, ಹಿಂಗಿನ ನೀರು ಯಾವುದೂ ಆ ಗಿಡವನ್ನು ಸರಿಮಾಡುವುದಿಲ್ಲ. ಒಂದೇ ಗಿಡ ಇದ್ದು, ಸುತ್ತ ಟೊಮ್ಯಾಟೊ, ಮೆಣಸು ಬೇರೆ ಇಲ್ಲದಿದ್ದರೆ ಇಟ್ಟುಕೊಳ್ಳಿ, ನಾಲ್ಕು ಕಾಯಿ ಬಿಟ್ಟರೂ ಬಿಡಬಹುದು. ಬೇರೆ ಗಿಡಗಳಿದ್ದರೆ ಮೊದಲು ಅದರ ಮೇಲಿನ ಬಿಳಿನೊಣಕ್ಕೆ ಬೇವಿನ ಎಣ್ಣೆ ಹೊಡೆದು, ಮರುದಿನ ಬೆಳಿಗ್ಗೆ ಇಡೀ ಗಿಡಕ್ಕೆ ಕವರ್ ಮುಚ್ಚಿ ಬುಡಸಮೇತ ತೆಗೆಯಿರಿ. ಸುಮ್ನೆ ಕಿತ್ತರೆ ನೊಣಗಳೆಲ್ಲ ಎದ್ದು ಪಕ್ಕದ ಗಿಡಕ್ಕೆ ಹೋಗುತ್ತವೆ. ಆ ಕುಂಡದ ಮಣ್ಣನ್ನು ಬಿಸಾಡಬೇಕಿಲ್ಲ. ವೈರಸ್ ಬಿಳಿನೊಣದ ಮೂಲಕ ಬರುತ್ತದೆ, ಮಣ್ಣಿನ ಮೂಲಕ ಅಲ್ಲ.

ಎಲೆಯ ಮೇಲೆ ಕೆಂಪು ಬೆನ್ನಿನ, ಕಪ್ಪು ಚುಕ್ಕೆಯ ಗುಲಗಂಜಿ ಹುಳು ಕಂಡರೆ ಸ್ಪ್ರೇ ಕೆಳಗಿಡಿ. ಅದೂ ಅದರ ಮರಿಯೂ ಹೇನನ್ನು ತಿನ್ನುತ್ತವೆ. ಒಂದು ವಾರ ಅವುಗಳಿಗೆ ಬಿಟ್ಟುಕೊಡಿ.

8. ಹೊಸ ಎಲೆಗಾಗಿ ಕಾಯಿರಿ

ಒಮ್ಮೆ ಮುದುಡಿ ಬಲಿತ ಎಲೆ ಮತ್ತೆ ನೇರವಾಗುವುದಿಲ್ಲ. ಉಪಚಾರ ಮಾಡಿದ ಮರುದಿನದಿಂದ ಹಳೆಯ ಎಲೆಯನ್ನೇ ನೋಡುತ್ತಾ ಕೂತರೆ ಏನೂ ಆಗಿಲ್ಲ ಅನ್ನಿಸುತ್ತದೆ. ಆ ಆತಂಕದಲ್ಲಿ ಜನ ಇನ್ನೊಂದು ಔಷಧಿ, ಮತ್ತೊಂದು ಗೊಬ್ಬರ ಹಾಕಿಬಿಡುತ್ತಾರೆ. ಈಗ ಇರುವ ಕೊನೆಯ ಎಲೆಯ ತೊಟ್ಟಿಗೆ ಒಂದು ನೂಲು ಸಡಿಲವಾಗಿ ಕಟ್ಟಿ. ನೂಲಿನ ಮೇಲೆ ಬರುವ ಎಲೆಗಳನ್ನು ಮಾತ್ರ ನೋಡಿ.

ನೀರು, ಬಿಸಿಲಿನ ತೊಂದರೆ ವಾರದೊಳಗೆ ಸರಿಹೋಗುತ್ತದೆ. ಥ್ರಿಪ್ಸ್ ಆದರೆ ಎರಡು ವಾರ. ಮೈಟ್ ಆದರೆ ಮೂರು ವಾರ ಕೊಡಿ. ಅದು ರಸ ಹೀರುವಾಗ ಬಿಟ್ಟ ವಿಷ ಚಿಗುರಿನಲ್ಲಿ ಉಳಿದಿರುತ್ತದೆ. ನುಸಿ ಸತ್ತ ಮೇಲೂ ಒಂದೆರಡು ಎಲೆ ಸೊಟ್ಟಗೇ ಬರುತ್ತವೆ. ಮುದುಡಿದ ಹಳೆ ಎಲೆಗಳನ್ನು ಒಂದೇ ದಿನ ಕಿತ್ತು ಗಿಡವನ್ನು ಬೋಳು ಮಾಡಬೇಡಿ. ಸೊಟ್ಟಗಿದ್ದರೂ ಹಸಿರಾಗಿದ್ದರೆ ಅದು ಗಿಡಕ್ಕೆ ಊಟ ತಯಾರಿಸುತ್ತಿದೆ.

ಮುಂದಿನ ಸಸಿ ನೆಡುವಾಗ

ಮೊದಲ ಐದಾರು ವಾರ ಬಿಳಿನೊಣ ತಾಗದಂತೆ ಕಾಪಾಡಿದರೆ ಅರ್ಧ ಗೆದ್ದಂತೆ. ರೈತರು ಸಸಿಮಡಿಗೆ ನೈಲಾನ್ ಬಲೆ ಹೊದಿಸುವುದು ಇದಕ್ಕೇ. ಮನೆಯಲ್ಲಿ ಸೊಳ್ಳೆ ಪರದೆ ಸಾಲುವುದಿಲ್ಲ, ಅದರ ಕಣ್ಣಿನಲ್ಲಿ ಬಿಳಿನೊಣ ಆರಾಮವಾಗಿ ನುಗ್ಗುತ್ತದೆ. 40 ಮೆಶ್ ಅಥವಾ ಅದಕ್ಕಿಂತ ಒತ್ತಾದ ಬಲೆ ಕೇಳಿ. ಮೆಶ್ ಅಂದರೆ ಒಂದು ಅಂಗುಲಕ್ಕೆ ಎಷ್ಟು ಕಣ್ಣು ಎಂಬ ಲೆಕ್ಕ. ನರ್ಸರಿಯಿಂದ ತಂದ ಸಸಿಯನ್ನು ಹತ್ತು ದಿನ ಬೇರೆ ಗಿಡಗಳಿಂದ ದೂರ ಇಡಿ.

ಹೆಸರಘಟ್ಟದ ಸಂಸ್ಥೆ ಎಲೆ ಸುರುಳಿ ವೈರಸ್ ತಡೆದುಕೊಳ್ಳುವ ಹೈಬ್ರಿಡ್ ಮೆಣಸಿನ ತಳಿಗಳನ್ನು ಬಿಡುಗಡೆ ಮಾಡಿದೆ. ಅರ್ಕಾ ತೇಜಸ್ವಿ, ಅರ್ಕಾ ಯಶಸ್ವಿ, ಅರ್ಕಾ ತನ್ವಿ, ಅರ್ಕಾ ಸಾನ್ವಿ, ಅರ್ಕಾ ಗಗನ್ ಎಂದು ಹೆಸರು. ಪ್ರತಿ ವರ್ಷ ವೈರಸ್ ಕಾಟ ಇರುವವರು ಇವುಗಳ ಬೀಜ ಹುಡುಕಿ. ಇವು ತಡೆಯುವುದು ವೈರಸ್ ಅನ್ನು. ಥ್ರಿಪ್ಸ್, ಮೈಟ್ ಇವಕ್ಕೂ ಬರುತ್ತವೆ, ಬಿಳಿ ಹಾಳೆಯ ಪರೀಕ್ಷೆ ಇವಕ್ಕೂ ಬೇಕು.

ಇನ್ನೊಂದು ಪ್ರಶ್ನೆ ಪ್ರತಿ ಸಲ ಬರುತ್ತದೆ: ಎಲೆ ಮುದುಡಿದ ಗಿಡದ ಮೆಣಸಿನಕಾಯಿ ತಿನ್ನಬಹುದಾ? ತಿನ್ನಬಹುದು. ಗಿಡದ ಈ ವೈರಸ್ ಮನುಷ್ಯರಿಗೆ ಏನೂ ಮಾಡುವುದಿಲ್ಲ. ಕಾಯಿ ಸೊಟ್ಟಗೆ, ಚಿಕ್ಕದಾಗಿ ಇರಬಹುದು ಅಷ್ಟೇ. ಬೇವು ಅಥವಾ ಗಂಧಕ ಹೊಡೆದಿದ್ದರೆ ಒಂದು ವಾರ ಕೊಯ್ಯಬೇಡಿ. ಆಮೇಲೆ ಚೆನ್ನಾಗಿ ತೊಳೆದು ಒಗ್ಗರಣೆಗೆ ಹಾಕಿ.